ಜೀಪಿನಡಿಯ ಸುಖ

ಭಾನುವಾರ ನಮ್ಮ ಮನೆಗೆ ಬರುವ ನೆಂಟರು ನನ್ನ ಕಾಲುಗಳ ಜೊತೆ ಕುಶಲ ಮಾತಾಡಿ ಒಳಗೆ ಹೋಗುತ್ತಾರೆ. ಉಳಿದ ನಾನು ಜೀಪಿನ ಕೆಳಗೆ, ಗೋಣಿತಾಟಿನ ಮೇಲೆ ಅಂಗಾತ ಮಲಗಿರುತ್ತೇನೆ. "ಅಲ್ರೀ, ಅದು ಓಡಿದ್ದಕ್ಕಿಂತ ನೀವು ಅದರಡಿ ಮಲಗಿದ್ದೇ ಹೆಚ್ಚಾಯ್ತಲ್ಲ" ಎನ್ನುತ್ತಾಳೆ ಹೆಂಡತಿ. ಲೆಕ್ಕ ಸರಿಯಾಗಿಯೇ ಇದೆ. ಗುಡ್ಡ ಹತ್ತಿಸುವುದು, ಹಳ್ಳ ದಾಟಿಸುವುದು, ಕೆಸರಿನಲ್ಲಿ ಹೂತದ್ದನ್ನು ಎಬ್ಬಿಸುವುದು, ಇವೆಲ್ಲ ನನ್ನ ಮಟ್ಟಿಗೆ ಒಂದು ನೆಪ. ರುಚಿ ಇರುವುದು ಬಿಚ್ಚುವುದರಲ್ಲಿ.

ನಮ್ಮದು ಮಹೀಂದ್ರದ ಎಂಎಂ 540. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕಾಫಿ ಮೂಟೆ, ಗೊಬ್ಬರ, ಆಳುಕಾಳು ಹೊತ್ತೂ ಹೊತ್ತೂ ಸವೆದ ಗಾಡಿ. ಬಾನೆಟ್ಟಿನ ಕೆಳಗಿರುವುದು ಪೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಹೊಸದರಲ್ಲೇ ಅದರ ಶಕ್ತಿ 62 ಕುದುರೆಗಳ ಆಸುಪಾಸು. ಈಗ ಲಾಯದಲ್ಲಿ ಎಷ್ಟು ಉಳಿದಿವೆಯೆಂದು ಎಣಿಸುವ ದುರ್ಬುದ್ಧಿ ನನಗೆ ಬಂದಿಲ್ಲ. ಎಂಜಿನ್ನಿನ ಕೆಳಗಿನದೆಲ್ಲ ಇನ್ನೂ ಹಳೆಯ ಕಾಲದ ಯೋಚನೆ. 1941ರಲ್ಲಿ ವಿಲ್ಲೀಸ್ ಕಂಪನಿ ಅಮೆರಿಕದ ಸೈನ್ಯಕ್ಕೆ ಕಟ್ಟಿಕೊಟ್ಟ ಜೀಪಿನ ಜಾಡೇ ಇದು: ಉದ್ದಕ್ಕೆ ಎರಡು ತೊಲೆಯ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಕಮಾನು ಪಟ್ಟಿ, ನಡುವೆ ಎರಡೂ ಆಕ್ಸಲ್ಲಿಗೆ ಎಂಜಿನ್ನಿನ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. 1953ರಲ್ಲಿ ಅದೇ ಕಂಪನಿ ಸಿಜೆ 3ಬಿ ತಂದಾಗ ಇನ್‌ಟೇಕ್ ವಾಲ್ವುಗಳು ಹೆಡ್ಡಿಗೇರಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಆ ಎತ್ತರದ ಹಣೆಯ ಜೀಪು ಮಹೀಂದ್ರದವರ ಕೈಯಲ್ಲಿ ಇಲ್ಲಿ ದಶಕಗಳ ಕಾಲ ಬಾಳಿತು. ಆ ವಂಶದ ಯಾವ ಗಾಡಿಯ ಕೆಳಗೆ ಮಲಗಿದರೂ ಒಂದು ಉಪಕಾರ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ಬೋಲ್ಟುಗಳಿಗೆ ಸ್ಪ್ಯಾನರ್ ಆಡುವಷ್ಟು ಜಾಗ ಬಿಟ್ಟಿದ್ದಾರೆ. ಈಗಿನ ಕಾರುಗಳಲ್ಲಿ ಒಂದು ಬಲ್ಬು ಬದಲಿಸಲು ಬಂಪರ್ ಇಳಿಸಬೇಕಾದವರಿಗೆ ಇದರ ಬೆಲೆ ಗೊತ್ತು.

ಗಾಡಿ ಮನೆಗೆ ಬಂದಾಗ ಗೆಳೆಯರು ಕೇಳಿದ್ದು "ಏನೇನು ಹಾಕಿಸ್ತೀಯ?" ಎಂದು. ನಾನು ಮೊದಲು ಮಾಡಿದ್ದು ತೆಗೆಯುವ ಕೆಲಸ. ತೋಟದವರು ಮೂಟೆಯ ಭಾರ ತಡೆಯಲೆಂದು ಹಿಂದಿನ ಕಮಾನುಗಳಿಗೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರು. ಮೂಟೆ ಇದ್ದಾಗ ಅದು ಸರಿ. ಖಾಲಿ ಗಾಡಿಯನ್ನು ಏರುಪೇರಿನ ದಾರಿಗೆ ಇಳಿಸಿದರೆ ಕಮಾನು ಬಗ್ಗುವುದೇ ಇಲ್ಲ. ಒಂದು ಚಕ್ರ ಗುಂಡಿಗೆ ಇಳಿಯುವ ಬದಲು ಗಾಳಿಯಲ್ಲಿ ನೇತಾಡುತ್ತದೆ. ಸಾದಾ ಡಿಫರೆನ್ಷಿಯಲ್ಲಿನ ಸ್ವಭಾವ ಎಂಥದೆಂದರೆ, ಯಾವ ಚಕ್ರಕ್ಕೆ ತಡೆಯಿಲ್ಲವೋ ಅದನ್ನೇ ತಿರುಗಿಸುತ್ತ ಕೂರುತ್ತದೆ. ಮುಂದಿನದೊಂದು, ಮೂಲೆಗೆ ಮೂಲೆ ಹಿಂದಿನದೊಂದು ಎತ್ತಿತೋ, ಫೋರ್ ವೀಲ್ ಹಾಕಿದ್ದರೂ ಗಾಡಿ ನಿಂತಲ್ಲೇ. ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಲಾಕರ್ ಎಂಬ ದುಬಾರಿ ಮದ್ದು ಇದಕ್ಕಿದೆ. ಅದರ ಬದಲು ನಾನು ಹೆಚ್ಚುವರಿ ಪಟ್ಟಿಗಳನ್ನು ಇಳಿಸಿ, ಉಳಿದವನ್ನು ಒಂದೊಂದಾಗಿ ಬಿಡಿಸಿ, ತುಕ್ಕು ಉಜ್ಜಿ, ನಡುವೆ ಗ್ರೀಸ್ ಬಳಿದು ಮತ್ತೆ ಕಟ್ಟಿದೆ. ಶೆಕಲ್ ಬುಷ್ ಹೊಸದು ಹಾಕಿದೆ. ಅಷ್ಟಕ್ಕೇ ಚಕ್ರಗಳು ನೆಲ ಹಿಡಿಯಲು ಕಲಿತವು. ಆ ಹೆಚ್ಚುವರಿ ಪಟ್ಟಿಗಳಲ್ಲಿ ಒಂದು ಈಗ ನಮ್ಮನೆಯ ಕತ್ತಿಯಾಗಿದೆ. ಕುಲುಮೆಯವರಿಗೆ ಜೀಪಿನ ಪಟ್ಟಿ ಎಂದರೆ ಬಲು ಪ್ರೀತಿ.

ಇದಕ್ಕಿಂತ ಹೆಚ್ಚು ಸುಖ ಕೊಟ್ಟದ್ದು ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್. ನಲವತ್ತರ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದರೂ ಮುಂದಿನ ಚಕ್ರಗಳೆರಡೂ ಕುಣಿಯತೊಡಗಿ, ಸ್ಟೇರಿಂಗು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕುಣಿತ ತಡೆಯಲು ಸ್ಟೇರಿಂಗಿಗೆ ಡ್ಯಾಂಪರ್ ಹಾಕಿಸಿ ಎಂದವರಿದ್ದರು. ನಮ್ಮೂರ ಗ್ಯಾರೇಜಿನ ಸಾಬರು ಬೀಡಿಯ ಬೂದಿ ಕೊಡವಿ, "ಹಾಕಿದ್ರೆ ರೋಗ ಮುಚ್ಚುತ್ತೆ ಸಾರ್, ಹೋಗಲ್ಲ" ಎಂದರು. ಚಕ್ರ ಇಳಿಸಿ, ಟೈ ರಾಡ್ ಕಳಚಿ, ಎಣ್ಣೆ ಸೀಲು ಬಿಚ್ಚಿದರೆ ಆಕ್ಸಲ್ ತುದಿಯ ದುಂಡನೆಯ ಗುಂಡಿನ ಮೇಲೆ, ಚಕ್ರವನ್ನು ಹೊತ್ತು ತಿರುಗುವ ನಕಲ್ ಆಡುವುದು ಕಾಣುತ್ತದೆ. ಮೇಲೊಂದು ಕೆಳಗೊಂದು ಬೇರಿಂಗ್. ಅವುಗಳ ಬಿಗಿ ನಿರ್ಧಾರವಾಗುವುದು ಮುಚ್ಚಳದಡಿಯ ಶಿಮ್‌ಗಳಿಂದ. ಕಾಗದದಂಥ ತೆಳು ತಗಡಿನ ಉಂಗುರಗಳವು. ಅತಿ ತೆಳುವಿನದು ಮೂರು ಥೌ, ಅಂದರೆ ಇಂಚಿನ ಸಾವಿರದಲ್ಲಿ ಮೂರು ಪಾಲು. ಒಂದು ತೆಗೆದರೆ ಬಿಗಿ ಹೆಚ್ಚುತ್ತದೆ, ಸೇರಿಸಿದರೆ ಸಡಿಲಾಗುತ್ತದೆ.

ಎಷ್ಟು ಬಿಗಿ ಎನ್ನಲು ದೊಡ್ಡ ಉಪಕರಣ ಬೇಡ. ಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಅಟ್ಟದಿಂದ ಇಳಿಸಿ, ಟೈ ರಾಡ್ ಕೂರುವ ತೂತಿಗೆ ಅದರ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಬೇಕು. ನಕಲ್ ಒಂದೇ ಸಮನೆ ತಿರುಗುವಾಗ ಮುಳ್ಳು ಆರು ಕಿಲೋ ಆಸುಪಾಸಿನಲ್ಲಿ ನಿಲ್ಲಬೇಕು. ನಮ್ಮದು ಎರಡು ಕಿಲೋವನ್ನೂ ಮುಟ್ಟುತ್ತಿರಲಿಲ್ಲ. ಒಂದು ಶಿಮ್ ತೆಗೆ, ಮುಚ್ಚಳ ಬಿಗಿ, ಎಳೆ, ನೋಡು. ಮತ್ತೆ ಬಿಚ್ಚು. ಬೆರಳ ತುದಿಗೆ ಅಂಟಿದ ಮೂರು ಥೌನ ತಗಡನ್ನು ಬೆಳಕಿಗೆ ಹಿಡಿದು, ಇಷ್ಟೂ ದಿನ ಸ್ಟೇರಿಂಗನ್ನು ಒದರಾಡಿಸಿದ್ದು ಇಷ್ಟಗಲದ ಸಡಿಲವೇ ಎಂದು ಅಚ್ಚರಿಪಡುವ ಆ ಗಳಿಗೆಗೆ ನಾನು ಯಾವ ಗುಡ್ಡದ ತುದಿಯನ್ನೂ ಬದಲಿಗೆ ಕೊಡಲಾರೆ. ಆಮೇಲೆ ರಸ್ತೆಯಲ್ಲಿ ಅರವತ್ತಕ್ಕೆ ಹೋದರೂ ಚಕ್ರ ಕುಣಿಯಲಿಲ್ಲ. ಅದರಾಚೆಗೆ ಹೋಗುವ ಇರಾದೆ ನನಗೂ ಇಲ್ಲ, ಜೀಪಿಗೂ ಇಲ್ಲ.

ಸೇರಿಸಿದ್ದೇನೂ ಇಲ್ಲವೆಂದಲ್ಲ. ಎರಡು ರಬ್ಬರ್ ಪೈಪು ಸೇರಿಸಿದ್ದೇನೆ. ದೂರ ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಹೀರಿಕೊಳ್ಳುತ್ತದೆ. ಗಾಳಿಯಾಡಲೆಂದು ಹೌಸಿಂಗ್ ಮೇಲಿಟ್ಟ ಪುಟ್ಟ ಬ್ರೀದರ್ ಕೆಸರು ಮೆತ್ತಿ ಮುಚ್ಚಿಹೋಗಿರುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಗೇರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಇಳಿದರೆ ಕ್ರೌನ್ ಪಿನಿಯನ್ ಹಲ್ಲುಗಳಿಗೆ ಕೇಡುಗಾಲ ಬಂತೆಂದೇ ಲೆಕ್ಕ. ಬ್ರೀದರ್ ಬಾಯಿಗೆ ಪೈಪು ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿದರೆ ಮುಗಿಯಿತು. ಎಲ್ಲ ಸೇರಿ ಒಂದು ಹೋಟೆಲ್ ಊಟದ ಖರ್ಚು. ಹೊರಗಿನಿಂದ ಕಾಣುವುದೇ ಇಲ್ಲ, ಹಾಗಾಗಿ ಇದನ್ನು ಮಾಡಿಸುವವರೂ ಕಡಿಮೆ.

ಕಾಣುವಂಥದ್ದರ ಭರಾಟೆಯೇ ಬೇರೆ. ಆಳೆತ್ತರದ ಟೈರು, ಚಾವಣಿಯ ಮೇಲೆ ಸಾಲು ದೀಪ, ಮುಂದೆ ಎಮ್ಮೆ ಗುದ್ದಿದರೂ ಅಲುಗದ ಬುಲ್ ಬಾರ್. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪ ಕೆಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನು ಅತ್ತ ಇರಲಿ, ಟೈರು ದೊಡ್ಡದಾದಷ್ಟೂ ಗೇರಿನ ಎಳೆತ ಕುಗ್ಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಎಳೆತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿ ಕೊಡುವುದನ್ನು ದೊಡ್ಡ ಟೈರು ಒಂದಷ್ಟು ತಿಂದುಹಾಕುತ್ತದೆ. ಮಲೆನಾಡಿನ ಕೆಸರಿನಲ್ಲಿ ಕಿರಿದಾದ ಹಳೆಯ ಅಳತೆಯ ಟೈರೇ ಮೇಲು. ತೇಲದೆ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಕಲ್ಲಿನ ದಾರಿಗೆ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿದರೆ ಸಾಕು, ಅದಕ್ಕೆ ದುಡ್ಡೂ ಬೇಡ.

ಕೊಡಚಾದ್ರಿಗೋ ಮಾಂದಲಪಟ್ಟಿಗೋ ಪ್ರವಾಸಿಗಳನ್ನು ಹೊತ್ತೊಯ್ಯುವ ಜೀಪುಗಳನ್ನು ನೋಡಿ. ಅವುಗಳಲ್ಲಿ ಆಡಂಬರ ಕಡಿಮೆ. ಚಾಲಕನ ಹೆಬ್ಬೆರಳನ್ನು ಗಮನಿಸಿ: ಅದು ಸ್ಟೇರಿಂಗಿನ ಒಳಗೆ ಸುತ್ತಿಕೊಂಡಿರುವುದಿಲ್ಲ, ಅಂಚಿನ ಮೇಲೆಯೇ ಇರುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗು ಗಿರ್ರನೆ ತಿರುಗುತ್ತದೆ, ಕಡ್ಡಿಗೆ ಸಿಕ್ಕ ಬೆರಳು ಮುರಿಯುತ್ತದೆ. ಇಳಿಜಾರಿನಲ್ಲಿ ಲೋ, ಒಂದನೆಯ ಗೇರು, ಕಾಲು ಕ್ಲಚ್ಚಿನಿಂದ ದೂರ. ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ಅರಣ್ಯ ಇಲಾಖೆಯ ಜಾಗಕ್ಕೆ ಚಕ್ರ ಇಳಿಸುವಂತಿಲ್ಲ, ಇಳಿಸಲೂಬಾರದು. ನಮ್ಮ ಪರೀಕ್ಷೆಗಳೆಲ್ಲ ಗೆಳೆಯನ ತೋಟದ ದಾರಿಯಲ್ಲೇ. ಅಲ್ಲೂ ವಿಂಚ್ ಉಪಯೋಗಕ್ಕೆ ಬಾರದು. ಹಗ್ಗ ಬಿಗಿಯೋಣವೆಂದರೆ ಕಣ್ಣಿಗೆ ಬೀಳುವ ಸಿಲ್ವರ್ ಓಕಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. "ಬಳ್ಳಿ ಮುಟ್ಟಿದ್ರೆ ಜೀಪು ಇಲ್ಲೇ ಬಿಟ್ಟು ಹೋಗ್ಬೇಕು ನೋಡು" ಎಂದು ಗೆಳೆಯ ಮೊದಲೇ ಹೇಳಿಟ್ಟಿದ್ದಾನೆ. ಹೂತಾಗ ಪಿಕಾಸಿ, ನಾಲ್ಕು ಹಲಗೆ, ತೋಟದ ಇಬ್ಬರು ಆಳು. ಮೇಲೆ ಬಂದಮೇಲೆ ಎಲ್ಲರೂ ಕಣಿವೆ ನೋಡುತ್ತಾರೆ. ನಾನು ಬಗ್ಗಿ, ಯಾವ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೆಂದು ಹುಡುಕುತ್ತೇನೆ.

ಹೋದ ಸಲ ಸಿಕ್ಕಿತು ಕೂಡ: ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟು ಸವೆದಿದೆ. ಈಗ ಇಡೀ ಕೇಸು ಬಿಡಿಬಿಡಿಯಾಗಿ ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕೂತಿದೆ. ಬರುವ ವಾರ ಶೃಂಗೇರಿಯಲ್ಲಿ ಹೆಂಡತಿಯ ಕಡೆಯವರ ಮದುವೆ. ಬಸ್ಸಿನ ಸಮಯ ವಿಚಾರಿಸಿಟ್ಟಿದ್ದಾಳೆ.