ಕುಂಡದ ಕೆಳಗಿನ ಬೀಗದ ಕೈ

ನಮ್ಮ ಬೀದಿಯಲ್ಲಿ ಯಾರ ಮನೆಯ ಬೀಗದ ಕೈ ಎಲ್ಲಿರುತ್ತದೆಂಬುದು ಎಲ್ಲರಿಗೂ ಗೊತ್ತು. ಒಬ್ಬರದು ತುಳಸಿಕಟ್ಟೆಯ ಗೂಡಿನಲ್ಲಿ, ಇನ್ನೊಬ್ಬರದು ಕಿಟಕಿಯ ಸಂದಿನಲ್ಲಿ, ನಮ್ಮದು ಮೆಟ್ಟಿಲ ಬಳಿಯ ಹೂವಿನ ಕುಂಡದ ಕೆಳಗೆ. ಬಚ್ಚಿಟ್ಟಿದ್ದೇವೆಂಬ ಸಮಾಧಾನ ಮಾತ್ರ ನಮ್ಮದು. ಕಂಪ್ಯೂಟರ್ ಕೆಲಸದಲ್ಲೂ ಇಂಥ ಕುಂಡಗಳಿವೆಯೆಂದು ನನಗೆ ತಿಳಿದದ್ದು ಕಳೆದ ಗೌರಿಹಬ್ಬದಲ್ಲಿ.

ಬೆಂಗಳೂರಿನಿಂದ ಬಂದಿದ್ದ ಮಗಳು ಬಾಗಿನ ಜೋಡಿಸುವುದನ್ನು ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಮುಖ ಬಾಡಿಸಿಕೊಂಡು ಕುಳಿತಿದ್ದಳು. ಕಾಫಿ ಆರಿಹೋಗಿತ್ತು.

"ಏನಾಯ್ತೇ ಪುಟ್ಟಿ?"

ತಾನು ಬರೆದ ಪ್ರೋಗ್ರಾಮಿನೊಳಗೇ ಡೇಟಾಬೇಸಿನ ಪಾಸ್‌ವರ್ಡನ್ನೂ ಬರೆದು, ತಂಡದವರೆಲ್ಲರ ಬರಹವನ್ನು ಕೂಡಿಡುವ ಗಿಟ್‌ಗೆ ಸೇರಿಸಿಬಿಟ್ಟಿದ್ದಳಂತೆ.

"ಅಳಿಸಿಬಿಟ್ಟರೆ ಆಯ್ತಲ್ಲ!"

"ಅಳಿಸಿದೆ ಅಮ್ಮಾ. ಆದರೆ ಗಿಟ್ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಂಡಿರುತ್ತೆ. ಹಿಂದಕ್ಕೆ ಹೋಗಿ ಓದಬಹುದು."

ಆಮೇಲೆ ಬಿಡಿಸಿ ಹೇಳಿದಳು. ಒಂದೇ ಪ್ರೋಗ್ರಾಮು ಅವಳ ಯಂತ್ರದಲ್ಲೂ, ಪರೀಕ್ಷೆ ಮಾಡುವ ಕಡೆಯೂ, ಜನ ಬಳಸುವ ನಿಜವಾದ ತಾಣದಲ್ಲೂ ಓಡುತ್ತದೆ. ಡೇಟಾಬೇಸಿನ ವಿಳಾಸ, ಪಾಸ್‌ವರ್ಡು ಮಾತ್ರ ಬೇರೆ ಬೇರೆ. ಸಾರು ಮಾಡುವ ಕ್ರಮ ಒಂದೇ, ಉಪ್ಪು-ಖಾರ ಆಯಾ ಮನೆಯದು ಎಂದುಕೊಂಡೆ. ಅದಕ್ಕೇ ಅವನ್ನು ಪ್ರೋಗ್ರಾಮಿನಲ್ಲಿ ಬರೆಯದೆ ಹೊರಗಿಟ್ಟು, ಓಡುವ ಹೊತ್ತಿಗೆ ಒದಗಿಸಬೇಕಂತೆ. ಹೆರೋಕು ಕಂಪನಿಯವರು 2011ರಲ್ಲಿ ಬರೆದ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ಸೂತ್ರಗಳಲ್ಲಿ ಇದಕ್ಕೊಂದು ಒರೆಗಲ್ಲಿದೆ: ನಿಮ್ಮ ಪ್ರೋಗ್ರಾಮನ್ನು ಈ ಕ್ಷಣವೇ ಲೋಕಕ್ಕೆಲ್ಲ ತೋರಿಸಿದರೂ ಗುಟ್ಟು ರಟ್ಟಾಗಬಾರದು. ಗುಟ್ಟುಗಳಲ್ಲೂ ತರತಮವುಂಟು. ನಮ್ಮ ಶಾಲೆಯ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಬೀರು ಸಾಕು, ಎಸ್ಸೆಸ್ಸೆಲ್ಸಿಯದಕ್ಕೆ ಖಜಾನೆಯೇ ಬೇಕು.

2016ರಲ್ಲಿ ಊಬರ್ ಕಂಪನಿಯ ಪ್ರೋಗ್ರಾಮುಗಳ ನಡುವೆ ಸಿಕ್ಕಿದ ಇಂಥದೇ ಒಂದು ಕೀಲಿಯಿಂದ ಕಳ್ಳರು 5.7 ಕೋಟಿ ಜನರ ವಿವರ ಕದ್ದರಂತೆ. ಕಂಪನಿ ಅದನ್ನು ಒಂದು ವರ್ಷ ಮುಚ್ಚಿಟ್ಟು, 2017ರ ನವೆಂಬರಿನಲ್ಲಿ ಬಾಯಿಬಿಟ್ಟಿತು.

ಇಷ್ಟೆಲ್ಲ ಹೇಳಿದವಳೇ ತಲೆ ತಗ್ಗಿಸಿ ಕೇಳಿದಳು: "ನಂದನ್ನ ಇನ್ನೂ ಯಾರೂ ನೋಡಿಲ್ಲ. ಸುಮ್ಮನಿದ್ದುಬಿಡಲಾ ಅಮ್ಮಾ? ಹೊಸ ಕೆಲಸ..."

ನನಗೆ ನನ್ನ ಹೊಸ ಕೆಲಸ ನೆನಪಾಯಿತು. ಅಂಕಪಟ್ಟಿಯಲ್ಲಿ ತಪ್ಪು ಬರೆದು, ಬ್ಲೇಡಿನಿಂದ ಹೆರೆದು ತಿದ್ದಿದ್ದೆ. ಬೆಳಕಿಗೆ ಹಿಡಿದರೆ ಕಾಗದ ತೆಳ್ಳಗಾಗಿದ್ದುದು ಕಾಣುತ್ತಿತ್ತು. ವಾರವಿಡೀ ನಿದ್ದೆ ಬರಲಿಲ್ಲ. ಹೆಡ್‌ಮಾಸ್ತರರಿಗೆ ಹೇಳಿದ ರಾತ್ರಿ ಬಂತು. ಅಷ್ಟನ್ನೇ ಮಗಳಿಗೆ ಹೇಳಿ ಅಡುಗೆಮನೆಗೆ ಹೋದೆ.

ಸ್ವಲ್ಪ ಹೊತ್ತಿಗೆ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಒಂದು ಗಂಟೆಯಲ್ಲಿ ಪಾಸ್‌ವರ್ಡು ಬದಲಾಯಿತು. ಹಳೆಯದನ್ನು ಈಗ ಯಾರು ಓದಿದರೂ ಅದು ಬರಿಯ ಅಕ್ಷರ. "ಬೈದರಾ?" ಎಂದೆ. "ಬೇಗ ಹೇಳಿದ್ದು ಒಳ್ಳೇದಾಯ್ತು ಅಂದ್ರು" ಎಂದು ಆರಿದ ಕಾಫಿಯನ್ನೇ ಕುಡಿದಳು.

ಹಬ್ಬ ಮುಗಿದ ಮೇಲೆ ನಮ್ಮ ಕುಂಡದ ನೆನಪಾಯಿತು. ಬೀದಿಗೆಲ್ಲ ಗೊತ್ತಿರುವ ಕೈಯನ್ನು ಇನ್ನೊಂದು ಕುಂಡದ ಕೆಳಗಿಟ್ಟು ಏನು ಫಲ? ಬೀಗವನ್ನೇ ಬದಲಾಯಿಸಿದೆ. ಹೊಸ ಕೈ ನನ್ನ ಬ್ಯಾಗಿನಲ್ಲೇ ಇರುತ್ತದೆ. ಹಾಗಾಗಿ ನಮ್ಮ ಯಜಮಾನರು ಸಂಜೆ ನಾನು ಶಾಲೆಯಿಂದ ಬರುವವರೆಗೆ ಜಗುಲಿಯಲ್ಲಿ ಕೂತು ಬೀದಿಯವರಿಗೆಲ್ಲ ನನ್ನ ಜಾಣತನದ ಕಥೆ ಹೇಳುತ್ತಿರುತ್ತಾರೆ.