ಹತ್ತು ತೂತು, ನಾಲ್ಕು ಹೆಸರು

1/6

ಮೊದಲು ಒಂದು ವಿಷಯ ಕ್ಲಿಯರ್ ಮಾಡಿಬಿಡ್ತೀನಿ. ಹಾರ್ಮೋನಿಕಾ ಬೇರೆ, ಹಾರ್ಮೋನಿಯಂ ಬೇರೆ. ಕಳೆದ ಪೋಸ್ಟ್ ನೋಡಿ ಅರ್ಧ ಕ್ಲಾಸು "ಭಜನೆಗೆ ಸೇರ್ಕೊಂಡ್ಯಾ ಮಗಾ?" ಅಂತ ಕೇಳಿದೆ. ಹಾರ್ಮೋನಿಕಾ ಅಂದ್ರೆ ನಮ್ಮ ಮೌತ್ ಆರ್ಗನ್. ಜಾತ್ರೇಲಿ ಕೊಡಿಸ್ತಾರಲ್ಲ, ಎರಡು ದಿನ ಊದಿ ಮನೆಯವರ ಹತ್ರ ಬೈಸ್ಕೊಂಡು ಶೋಕೇಸಲ್ಲಿ ಇಡ್ತೀರಲ್ಲ, ಅದೇ.

ನಾನು ಊದೋದು ಅದರ ಚಿಕ್ಕ ತಮ್ಮ. ಹತ್ತೇ ತೂತು, ಅಂಗೈಯಲ್ಲಿ ಮುಚ್ಚಿಟ್ಟರೆ ಕಾಣಲ್ಲ (ಮೊದಲ ಫೋಟೋ ನೋಡಿ). ಜರ್ಮನಿಯ ಟ್ರೋಸ್ಸಿಂಗನ್ ಅನ್ನೋ ಊರಲ್ಲಿ ಹೋನರ್ ಕಂಪನಿ 1857ರಿಂದ ಇದನ್ನ ಮಾಡ್ತಾ ಬಂದಿದೆ. ಆ ಕಡೆಯ ಜನಪದ ಹಾಡು ನುಡಿಸೋಕೆ ಅಂತ ಮಾಡಿದ್ದು. ಅಗ್ಗ, ಜೇಬಲ್ಲಿ ಹಿಡಿಯುತ್ತೆ. ಹಾಗಾಗಿ ಹಡಗು ಹತ್ತಿ ಅಮೆರಿಕಕ್ಕೆ ಹೋಯ್ತು. ಅಲ್ಲಿ ದಕ್ಷಿಣದ ಹತ್ತಿ ಹೊಲಗಳ ಕಪ್ಪು ಜನರ ಕೈಗೆ ಸಿಕ್ಕಿತು. ಅವರು ಅದರಿಂದ ತೆಗೆದ ಸದ್ದನ್ನ ಜರ್ಮನಿಯವರು ಕನಸಲ್ಲೂ ಕೇಳಿರಲಿಲ್ಲ.

ಆ ಸದ್ದು ತೆಗೆದವರಲ್ಲಿ ನಾಲ್ಕು ಜನರ ಹೆಸರಲ್ಲಿ ನಾವು ಫೆಬ್ರವರಿ 15ಕ್ಕೆ ನಾಗರಬಾವಿಯ ಒಂದು ಟೆರೇಸ್ ಮೇಲೆ ಊದಿದ್ವಿ. ನಾಲ್ಕೂ ಜನ ಈಗಿಲ್ಲ. ಯಾಕೆ ಊದಿದ್ವಿ, ಹೇಗೆ ಊದಿದ್ವಿ, ಬರೀತೀನಿ. ಉದ್ದ ಆಗುತ್ತೆ. ಬಸ್ಸಲ್ಲಿ ಓದಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೆ ಸರಿಹೋಗುತ್ತೆ.

2/6

ಫೆಬ್ರವರಿ 15 ಯಾಕೆ? 1968ರಲ್ಲಿ ಆ ದಿನ ಶಿಕಾಗೋದಲ್ಲಿ ಲಿಟಲ್ ವಾಲ್ಟರ್ ಸತ್ತ. ಅವನು ಅಂತಲೇ ಬರೀತೀನಿ, ಅಗೌರವ ಅಂದ್ಕೋಬೇಡಿ. ದೇವರನ್ನೂ ಕವಿಗಳನ್ನೂ ನಾವು ಏಕವಚನದಲ್ಲೇ ಕರೆಯೋದು ತಾನೇ.

ಹುಟ್ಟಿದ್ದು 1930, ಲೂಯಿಸಿಯಾನಾ. ಇನ್ನೂ ಹುಡುಗ ಇರುವಾಗಲೇ ಮನೆ ಬಿಟ್ಟು ಬೀದೀಲಿ ಊದ್ಕೊಂಡು ಶಿಕಾಗೋ ಸೇರಿ, ಮಡ್ಡಿ ವಾಟರ್ಸ್ ಅವರ ಬ್ಯಾಂಡಿಗೆ ಬಂದ. ಅಲ್ಲಿ ಒಂದು ತೊಂದರೆ: ಎಲೆಕ್ಟ್ರಿಕ್ ಗಿಟಾರಿನ ಮುಂದೆ ಈ ಪುಟಾಣಿ ವಾದ್ಯ ಯಾರಿಗೆ ಕೇಳಬೇಕು? ಅವನು ಒಂದು ಅಗ್ಗದ ಮೈಕನ್ನ ಹಾರ್ಪ್ ಜೊತೆಗೇ ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಆಂಪ್ಲಿಫೈಯರಿಗೆ ಕೊಟ್ಟ. ಸದ್ದು ಒಡೆದು ದಪ್ಪ ಆಯ್ತು, ಸ್ಯಾಕ್ಸೋಫೋನ್ ಥರ ಆಯ್ತು. 1952ರಲ್ಲಿ 'ಜೂಕ್' ಅನ್ನೋ ಹಾಡು ಬಂತು. ಹಾಡು ಅಂದ್ರೆ ಮಾತೇ ಇಲ್ಲ, ಬರೀ ಮೌತ್ ಆರ್ಗನ್. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಆಗ ಅವನಿಗೆ ಇಪ್ಪತ್ತೆರಡು. ನಮ್ಮ ಸೀನಿಯರ್‌ಗಳ ವಯಸ್ಸು ಕಣ್ರೋ.

ಆಮೇಲೆ ಕುಡಿತ, ಜಗಳ. ಒಂದು ಬೀದಿ ಜಗಳದಲ್ಲಿ ಪೆಟ್ಟು ತಿಂದು ಮಲಗಿದವನು ಏಳಲೇ ಇಲ್ಲ. ಮೂವತ್ತೇಳು ವರ್ಷ. ನಾನು ತುಂಬ ಹೊತ್ತು ನಿಂತು ಯೋಚಿಸಿದ್ದು ಮುಂದಿನದರ ಬಗ್ಗೆ: ಅವನ ಸಮಾಧಿಗೆ 1991ರವರೆಗೆ ಒಂದು ಕಲ್ಲೂ ಇರಲಿಲ್ಲ. ಇಪ್ಪತ್ಮೂರು ವರ್ಷ. ಅವನ ಥರ ಊದೋಕೆ ಪ್ರಯತ್ನಪಟ್ಟವರು ಅಷ್ಟರಲ್ಲಿ ಪ್ರಪಂಚದ ತುಂಬ ಆಗಿದ್ರು. ಮಲಗಿರೋ ಜಾಗಕ್ಕೆ ಹೆಸರಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನ ಸೇರಿಸ್ಕೊಂಡಿದ್ದು 2008ರಲ್ಲಿ.

ಎರಡನೇ ಹೆಸರು ಸನ್ನಿ ಬಾಯ್ ವಿಲಿಯಮ್ಸನ್. ಮೂರನೇ ಹೆಸರೂ ಸನ್ನಿ ಬಾಯ್ ವಿಲಿಯಮ್ಸನ್. ಟೈಪಿಂಗ್ ಮಿಸ್ಟೇಕ್ ಅಲ್ಲ! ಮೊದಲನೆಯವರು ಜಾನ್ ಲೀ, ಟೆನ್ನೆಸೀ ಕಡೆಯವರು. ಈ ವಾದ್ಯವನ್ನ ಪಕ್ಕವಾದ್ಯದಿಂದ ಮುಖ್ಯವಾದ್ಯ ಮಾಡಿದವರಲ್ಲಿ ದೊಡ್ಡ ಹೆಸರು. 1948ರ ಜೂನ್ 1ರಂದು ಶಿಕಾಗೋದಲ್ಲಿ ಕೆಲಸ ಮುಗಿಸಿ ಮನೆಗೆ ನಡ್ಕೊಂಡು ಹೋಗ್ತಿದ್ದಾಗ ದರೋಡೆಕೋರರು ಹೊಡೆದು ಕೊಂದರು. ಎರಡನೆಯವರು ರೈಸ್ ಮಿಲ್ಲರ್. 1941ರಿಂದ ಅರ್ಕನ್ಸಾದ ಹೆಲೆನಾ ಊರಿನ ರೇಡಿಯೋದಲ್ಲಿ ಹಿಟ್ಟಿನ ಕಂಪನಿಯ ಕಾರ್ಯಕ್ರಮಕ್ಕೆ ಊದ್ತಿದ್ರು. ಮೊದಲನೆಯವರು ಬದುಕಿದ್ದಾಗಲೇ ಅವರ ಹೆಸರನ್ನ ತಾನಿಟ್ಟುಕೊಂಡ ಆಸಾಮಿ. ಆ ಹೆಸರಲ್ಲಿ ಜೋಳದ ಹಿಟ್ಟಿನ ಚೀಲವೂ ಮಾರಾಟ ಆಯ್ತು, ಮೇಲೆ ಇವರದೇ ಚಿತ್ರ. ಕಳ್ಳತನ ಅಂತೀರಾ? ನಾನೂ ಅಂತೀನಿ. ಆದ್ರೆ ಕೇಳಿ ನೋಡಿ, ಒಂದೇ ಸ್ವರ ಎಳೆದು ಬಿಟ್ರೆ ಸಾಕು, ಬೈಯೋಕೆ ಬಾಯಿ ಬರಲ್ಲ. 1965ರಲ್ಲಿ ತೀರಿಕೊಂಡರು. ಮಿಸ್ಸಿಸ್ಸಿಪ್ಪಿಯ ಟಟ್‌ವೈಲರ್‌ನಲ್ಲಿರೋ ಇವರ ಸಮಾಧಿ ಮೇಲೆ ಜನ ಇವತ್ತಿಗೂ ಹಾರ್ಮೋನಿಕಾ ಇಟ್ಟು ಹೋಗ್ತಾರೆ. ಮಳೆಗೆ ತುಕ್ಕು ಹಿಡೀತಾ ಅಲ್ಲೇ ಬಿದ್ದಿರುತ್ತೆ.

ನಾಲ್ಕನೆಯವರು ಜೇಮ್ಸ್ ಕಾಟನ್. ಹುಡುಗನಾಗಿದ್ದಾಗ ಇದೇ ರೈಸ್ ಮಿಲ್ಲರ್ ಹತ್ರ ಕಲಿತವರು. ಗಂಟಲಿನ ಕ್ಯಾನ್ಸರ್ ಬಂದು ಹಾಡೋ ದನಿ ಹೋದಮೇಲೂ ಊದೋದು ನಿಲ್ಲಿಸಲಿಲ್ಲ. 2017ರ ಮಾರ್ಚಿನಲ್ಲಿ ಹೋದರು.

3/6

ಇದು ಸ್ವಲ್ಪ ಟೆಕ್ನಿಕಲ್. ಬೋರ್ ಆದ್ರೆ ಮುಂದಿನ ಪೋಸ್ಟಿಗೆ ಹೋಗಿ, ಬೇಜಾರಿಲ್ಲ. ಸಂಗೀತ ಕಲಿತಿರೋರು ಮಾತ್ರ ಇಲ್ಲೇ ಇರಿ, ನಿಮಗೊಂದು ಗುಟ್ಟಿದೆ.

ಒಂದೊಂದು ತೂತಲ್ಲೂ ಎರಡು ಹಿತ್ತಾಳೆ ಪಟ್ಟಿ ಇರುತ್ತೆ. ಊದಿದ್ರೆ ಒಂದು ಸ್ವರ, ಒಳಗೆ ಎಳೆದ್ರೆ ಇನ್ನೊಂದು. ನನ್ನದು ಸಿ ಹಾರ್ಪ್. ಜರ್ಮನಿಯವರ ಲೆಕ್ಕದಲ್ಲಿ ಸಿ ಅಂದ್ರೆ ಷಡ್ಜ. ಬ್ಲೂಸ್‌ನವರು ಅದನ್ನ ತಲೆಕೆಳಗು ಮಾಡಿ, ಎರಡನೇ ತೂತನ್ನ ಒಳಗೆ ಎಳೆದಾಗ ಬರೋ ಜಿ ಸ್ವರವನ್ನ ಷಡ್ಜ ಅಂದ್ಕೊಂಡ್ರು. ಈಗ ವಾದ್ಯದಲ್ಲಿರೋ ಸ್ವರಗಳನ್ನ ಆ ಷಡ್ಜದಿಂದ ಎಣಿಸಿ: ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಏನದು? ಇಪ್ಪತ್ತೆಂಟನೇ ಮೇಳ, ಹರಿಕಾಂಭೋಜಿ! ಇದು ಗೊತ್ತಾದ ದಿನ ನಾನು ಒಬ್ಬನೇ ರೂಮಲ್ಲಿ ಕುಣಿದಿದ್ದೀನಿ.

ಆದ್ರೆ ಮಜಾ ಇರೋದು ಇಲ್ಲದ ಸ್ವರದಲ್ಲಿ. ಎಲ್ಲರೂ ಊದೋ ಮಧ್ಯದ ಭಾಗದಲ್ಲಿ ರಿಷಭವೇ ಇಲ್ಲ. ಮೂರನೇ ತೂತು ಎಳೆದ್ರೆ ಸೀದಾ ಗಾಂಧಾರ. ನಾಲಿಗೆಯನ್ನ ಹಿಂದಕ್ಕೆ ಸರಿಸಿ, ಬಾಯೊಳಗಿನ ಜಾಗದ ಆಕಾರ ಬದಲಿಸಿ ಎಳೆದ್ರೆ ಎರಡು ಪಟ್ಟಿಗಳೂ ಒಂದಕ್ಕೊಂದು ತಗಲ್ಹಾಕ್ಕೊಂಡಂಗೆ ಆಗಿ ಸ್ವರ ಕೆಳಗೆ ಜಾರುತ್ತೆ. ಇದಕ್ಕೆ ಬೆಂಡ್ ಅಂತಾರೆ. ಗಾಂಧಾರದಿಂದ ಜಾರಿ ಜಾರಿ ರಿಷಭಕ್ಕೆ ಬರಬೇಕು. ದಾರೀಲಿ, ಅಂತರ ಗಾಂಧಾರಕ್ಕೂ ಸಾಧಾರಣ ಗಾಂಧಾರಕ್ಕೂ ನಡುವೆ ಒಂದು ಜಾಗ ಸಿಗುತ್ತೆ. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಬ್ಲೂಸ್ ಇರೋದು ಅಲ್ಲಿ. ಗಮಕ ಕೇಳಿ ಬೆಳೆದ ಕಿವಿಗೆ ಅದು ಪರದೇಶಿ ಅನ್ನಿಸಲ್ಲ, ನಂಬಿ.

ನನಗೆ ಆ ಜಾಗ ಸಿಗೋಕೆ ಏಳು ತಿಂಗಳು ಬೇಕಾಯ್ತು. ಪಕ್ಕದ ಮನೆ ನಾಯಿ ಅಷ್ಟೂ ತಿಂಗಳು ಜೊತೆ ಕೊಟ್ಟಿದೆ.

4/6

ಈಗ ಜಗಳದ ವಿಷಯ. ಗಿಟಾರ್ ನುಡಿಸೋ ಗೆಳೆಯ ಹೇಳಿದ್ದು: "ಟ್ರಿಬ್ಯೂಟ್ ಅಂದ್ರೆ ಜೂಕ್‌ನ ಇದ್ದಂಗೇ ಊದಬೇಕು, ಒಂದು ಉಸಿರೂ ಆಚೀಚೆ ಆಗಬಾರದು." ಕಹೋನ್ ಬಡಿಯೋಳು ಹೇಳಿದ್ದು: "ಅದಕ್ಕೆ ರೆಕಾರ್ಡ್ ಹಾಕಿದ್ರೆ ಆಯ್ತಲ್ಲ, ನೀವ್ಯಾಕೆ?" ಒಂದು ವಾರ ಮಾತೇ ಇಲ್ಲ ಇಬ್ಬರಿಗೂ.

ಬಿಡಿಸಿದ್ದು ನಮ್ಮಜ್ಜಿ, ಅವರಿಗೇ ಗೊತ್ತಿಲ್ಲದೆ. ಪುಷ್ಯ ಬಹುಳ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಅಲ್ವಾ, ಅಜ್ಜಿಯ ಭಜನಾ ಮಂಡಳಿ ಅದಕ್ಕೆ ಪ್ರಾಕ್ಟೀಸ್ ಮಾಡ್ತಿತ್ತು. ಗುಂಪಲ್ಲಿ ಹಾಡುವಾಗ ಎಲ್ಲರೂ ಒಂದೇ ಪಾಠ. ಒಬ್ಬರು ಸಂಗತಿ ಬದಲಿಸಿದ್ರೂ ಅಜ್ಜಿ ಕಣ್ಣು ಬಿಡ್ತಾರೆ. ಕಚೇರಿಯಲ್ಲಾದ್ರೆ ಅದೇ ಪದ ತಗೊಂಡು ನೆರವಲ್ ಮಾಡ್ತಾರೆ, ಕಲ್ಪನಾಸ್ವರ ಹಾಕ್ತಾರೆ. ಎರಡೂ ದಾಸರಿಗೇ ಸಲ್ಲೋದು. ಮೊದಲು ಅವರದು ಅವರಿದ್ದಂಗೆ, ಆಮೇಲೆ ನಿನ್ನದು. ಅಷ್ಟೇ! ಜೂಕ್‌ಗೂ ಅದೇ ಹಾಕಿದ್ವಿ: ಮೊದಲ ಹನ್ನೆರಡು ಬಾರ್ ವಾಲ್ಟರ್‌ದು, ಆಮೇಲೆ ನಮ್ಮದು, ಕೊನೆಗೆ ಮತ್ತೆ ಅವನದು. (ಅವನು ಊದಿದ್ದು ಎ ಹಾರ್ಪಲ್ಲಿ, ಇ ಶ್ರುತಿಗೆ. ನನ್ನ ಹತ್ರ ಎ ಇಲ್ಲ, ಕೊಳ್ಳೋಕೆ ದುಡ್ಡೂ ಇಲ್ಲ. ಜಿ ಶ್ರುತಿಗೆ ಊದಿದ್ವಿ.)

"ನಾಗರಬಾವಿ ಹುಡುಗರಿಗೆ ಬ್ಲೂಸ್ ಯಾಕೆ, ಅವರ ನೋವು ನಿಮಗೇನು ಗೊತ್ತು?" ಅಂತ ಒಬ್ಬರು ಮೆಸೇಜ್ ಮಾಡಿದ್ರು. ನ್ಯಾಯವಾದ ಪ್ರಶ್ನೆ. ಇದು ಗುಲಾಮಗಿರಿ ದಾಟಿ ಬಂದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ. ಅದನ್ನ ಮರೆತು ಹ್ಯಾಟು, ಕಪ್ಪು ಕನ್ನಡಕ ಹಾಕ್ಕೊಂಡು ಅವರ ಥರ ಉಚ್ಚಾರಣೆ ಮಾಡಿದ್ರೆ ಅದು ವೇಷ. ಅದಕ್ಕೇ ನಾವು ಹಾಡಲಿಲ್ಲ, ಊದಿದ್ವಿ ಮಾತ್ರ. ಆದ್ರೆ ದೂರದ ವಾದ್ಯ, ದೂರದ ಸಂಗೀತ ನಮಗೆ ಸಲ್ಲಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಬಂಟ್ವಾಳ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮರುಳಾದವರು. ನಾಗಸ್ವರದ ಮನೆತನ, ಕೈಗೆತ್ತಿಕೊಂಡಿದ್ದು ಬೆಲ್ಜಿಯಂನವನೊಬ್ಬ ಕಂಡುಹಿಡಿದ ವಾದ್ಯ. ಅದರಲ್ಲಿ ಗಮಕ ಬರಲ್ಲ ಅಂದವರೆದುರು ಗಮಕ ಬರಿಸಿ ತೋರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ಗೂ ನುಡಿಸಿದರು. 2019ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ ನಮನ ಅಂತ ಎಷ್ಟು ಹುಡುಗರು ಸ್ಯಾಕ್ಸೋಫೋನ್ ಹಿಡಿದ್ರು ಗೊತ್ತಾ? ವಾದ್ಯಗಾರನಿಗೆ ಮಾತಲ್ಲಿ ಶ್ರದ್ಧಾಂಜಲಿ ಹೇಳೋದು ನನಗ್ಯಾಕೋ ಪಾಯಸ ಅಂತ ಬರೆದು ಕೊಟ್ಟಂಗೆ.

5/6

ಫೆಬ್ರವರಿ 15, ಸಂಜೆ ಆರೂವರೆ. ಎರಡು ಸಿಂಟೆಕ್ಸ್ ಟ್ಯಾಂಕ್ ನಡುವಿನ ಜಾಗ, ಜಮಖಾನ. ಓನರ್ ಅಂಕಲ್ ಷರತ್ತು ಎಂಟೂವರೆಗೆ ಬಂದ್. ಬಂದವರು ಇಪ್ಪತ್ಮೂರು ಜನ, ಅದರಲ್ಲಿ ಆರು ಜನ ಅಜ್ಜಿಯ ಮಂಡಳಿಯವರು.

ಜೆರಾಕ್ಸ್ ಅಂಗಡೀಲಿ ವಾಲ್ಟರ್ ಫೋಟೋ ಪ್ರಿಂಟ್ ಹಾಕಿಸಿ ಕುರ್ಚಿ ಮೇಲೆ ಇಟ್ಟಿದ್ದೆ. ಅಜ್ಜಿ ನೋಡಿದವರೇ "ಆರಾಧನೆ ಅಂತೀಯ, ಹೂವಿಲ್ವೇನೋ?" ಅಂತ ತಮ್ಮ ಮುಡಿಗೆ ತಂದಿದ್ದ ಕನಕಾಂಬರದಲ್ಲಿ ಅರ್ಧ ಮುರಿದು ಹಾಕಿದರು (ಐದನೇ ಫೋಟೋ). ಪಕ್ಕದ ಅಜ್ಜಿ ಕೇಳಿದ್ರು, "ಯಾರ್ರೀ ಇವರು?" ನಮ್ಮಜ್ಜಿ: "ವಾಲ್ಟರಪ್ಪ ಅಂತೆ. ಚಿಕ್ಕ ವಯಸ್ಸಲ್ಲಿ ಹೋಗ್ಬಿಟ್ಟರಂತೆ ಪಾಪ."

ಪ್ರತಿ ಹಾಡಿಗೂ ಮೊದಲು ಹೆಸರು, ಊರು, ತೀರಿಕೊಂಡ ವರ್ಷ ಹೇಳಿ ಊದಿದ್ವಿ, ಅಷ್ಟೇ. ಮೈಕ್ ಕೈಯಲ್ಲಿ ಮುಚ್ಚಿಕೊಂಡ ತಕ್ಷಣ ಪುಟ್ಟ ಆಂಪ್ಲಿಫೈಯರ್ ಕೂಗೋಕೆ ಶುರು. ಕಹೋನ್ ಗೆಳತಿ ಕಾಲಲ್ಲೇ ಅದನ್ನ ಪಕ್ಕಕ್ಕೆ ತಿರುಗಿಸಿದಳು, ಸುಮ್ಮನಾಯ್ತು. ಕಾಟನ್ ಅವರ ಸರದಿಯಲ್ಲಿ ಆಂಪ್ಲಿಫೈಯರನ್ನೇ ಆಫ್ ಮಾಡಿ, ಬರೀ ಹಾರ್ಪ್. ಆ ಹೊತ್ತಿಗೆ ರಿಂಗ್ ರೋಡಿನ ಸದ್ದು ಕೇಳ್ತಿತ್ತು, ಪಕ್ಕದ ಬಿಲ್ಡಿಂಗಿನ ಕುಕ್ಕರ್ ಸೀಟಿ ಕೇಳ್ತಿತ್ತು. ಅದರ ಮಧ್ಯೆ ಆ ನಡುವಿನ ಗಾಂಧಾರ ಒಂದು ಸಲ ಸರಿಯಾಗಿ ಬಂತು. ಒಂದೇ ಸಲ. ಮಂಡಳಿಯ ಒಬ್ಬರು ಅಜ್ಜಿ "ಹಾಂ" ಅಂದ್ರು. ಚಪ್ಪಾಳೆಗಿಂತ ಅದು ಸಾಕಾಗಿತ್ತು ನನಗೆ.

6/6

ಇಷ್ಟೆಲ್ಲ ಬರೆದಿದ್ದು ಇನ್ನೊಬ್ಬರ ವಿಷಯಕ್ಕೆ ಬರೋಕೆ.

ನಮ್ಮ ರೋಡಲ್ಲಿ ಒಬ್ಬರು ತಾತ ಇದ್ರು. ಫ್ಯಾಕ್ಟರಿಯಿಂದ ರಿಟೈರ್ ಆದವರು. ಸಂಜೆ ಮೆಟ್ಟಿಲ ಮೇಲೆ ಕೂತು ಇಪ್ಪತ್ನಾಲ್ಕು ತೂತಿನ ದೊಡ್ಡ ಮೌತ್ ಆರ್ಗನ್ನಲ್ಲಿ ಹಳೇ ಹಿಂದಿ ಹಾಡು ಊದೋರು. ನನ್ನ ಹತ್ತು ತೂತಿನದು ನೋಡಿ, "ಅರ್ಧ ಮುರ್ಕೊಂಡು ತಂದಿದ್ದೀಯೇನೋ?" ಅಂತ ನಕ್ಕಿದ್ರು. ಅವರದರಲ್ಲಿ ಬೆಂಡ್ ಆಗಲ್ಲ, ಒಂದೊಂದು ಪಟ್ಟಿಗೂ ಬೇರೆ ಗೂಡು. ಆದ್ರೆ ನಾಲಿಗೆಯಿಂದ ತೂತು ಮುಚ್ಚಿ, ಬಿಟ್ಟು, ಹಾಡು ತಾಳ ಎರಡೂ ಒಟ್ಟಿಗೆ ಬರಿಸೋದು ನನಗೆ ಕಲಿಸಿದ್ದು ಅವರು. ವಾಲ್ಟರ್ ಮಾಡ್ತಿದ್ದದ್ದೂ ಅದನ್ನೇ. ತಾತ ವಾಲ್ಟರ್ ಹೆಸರು ಕೇಳಿರಲಿಲ್ಲ.

ಅವರ ಹೀರೋ ಬೇರೆ. 'ಶೋಲೆ' ನೋಡಿದ್ದೀರಲ್ಲ, 1975, ನಮ್ಮ ಮೈಸೂರು ರೋಡಲ್ಲೇ ಹೋದ್ರೆ ಸಿಗೋ ರಾಮನಗರದ ಬಂಡೆಗಳು. ಅದರಲ್ಲಿ ಸಂಜೆಗತ್ತಲಲ್ಲಿ ಅಮಿತಾಭ್ ಮೌತ್ ಆರ್ಗನ್ ಊದ್ತಾರೆ, ಜಯಾ ದೀಪ ಆರಿಸ್ತಾ ಹೋಗ್ತಾರೆ. ಊದಿದ್ದು ಅಮಿತಾಭ್ ಅಲ್ಲ, ಆರ್.ಡಿ. ಬರ್ಮನ್ ತಂಡದ ಗಿಟಾರ್ ವಾದಕ ಭಾನು ಗುಪ್ತ. 2018ರಲ್ಲಿ ತೀರಿಕೊಂಡರು. ಆ ಬಂಡೆ ನೋಡೋಕೆ ಹೋಗೋ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ತಾತನಿಗೆ ಗೊತ್ತಿತ್ತು.

ತಾತ ಹೋಗಿ ಎರಡು ವರ್ಷ. ವಾಲ್ಟರ್‌ಗೆ ಕಲ್ಲಿರಲಿಲ್ಲ, ರೆಕಾರ್ಡ್ ಇತ್ತು. ತಾತನದು ಇರೋದು ಮೊಮ್ಮಗಳ ಬರ್ತ್‌ಡೇ ವಿಡಿಯೋದಲ್ಲಿ ಹತ್ತೊಂಬತ್ತು ಸೆಕೆಂಡ್. ಅದರಲ್ಲೂ ಹನ್ನೊಂದನೇ ಸೆಕೆಂಡಿಗೆ ಯಾರೋ ಸಂಪ್ ಮೋಟಾರ್ ಹಾಕ್ತಾರೆ. ಮೋಟಾರ್ ಸದ್ದಿನ ಹಿಂದೆ ತಾತ ಇನ್ನೂ ಊದ್ತಾನೇ ಇದ್ದಾರೆ. ಇಯರ್‌ಫೋನ್ ಹಾಕ್ಕೊಂಡು ನೂರು ಸಲ ಕೇಳಿ ಅಷ್ಟನ್ನ ಬಾಯಿಗೆ ತಂದ್ಕೊಂಡಿದ್ದೀನಿ, ಮಿಕ್ಕಿದ್ದು ಮೆಟ್ಟಿಲ ಮೇಲೆ ಕೇಳಿದ ನೆನಪಿಂದ. ಮುಂದಿನ ಫೆಬ್ರವರಿಗೆ ಪಟ್ಟಿಯಲ್ಲಿ ಆರು ಹೆಸರು. ಐದನೆಯದು ಭಾನು ಗುಪ್ತ.

ಅದನ್ನ ನನ್ನ ಹತ್ತು ತೂತಿನದರಲ್ಲಿ ಊದೋಕೆ ಆಗಲ್ಲ, ಆ ನಡುಗೋ ಸದ್ದೇ ಬರಲ್ಲ. ತಾತನದು ಅವರ ಮಗಳು ಕೊಡ್ತೀನಿ ಅಂದ್ರು, ಪಟ್ಟಿಗಳು ಹೋಗಿವೆ. ನಿಮ್ಮ ಮನೆ ಶೋಕೇಸಲ್ಲಿ ಇಪ್ಪತ್ನಾಲ್ಕು ತೂತಿನದು ಇದ್ರೆ ಮೆಸೇಜ್ ಮಾಡಿ. ಸಿ ಶ್ರುತಿಯದಾದ್ರೆ ಒಳ್ಳೇದು. ಒಂದು ಸಂಜೆಗೆ ಸಾಕು, ತೊಳೆದು ವಾಪಸ್ ಕೊಡ್ತೀನಿ.

#ಮೌತ್‌ಆರ್ಗನ್ #ನಾಗರಬಾವಿ #ವಾಲ್ಟರಪ್ಪ