ಬಚ್ಚಲಿನ ವಾಟ

ಮನೆ ಕಟ್ಟುವವರಿಗೆ ಬುದ್ಧಿ ಹೇಳುವವರ ಬರ ಬೆಂಗಳೂರಿನಲ್ಲಿ ಎಂದೂ ಬಿದ್ದಿಲ್ಲ. ಬಾಗಿಲು ಯಾವ ದಿಕ್ಕಿಗೆ, ಟೈಲ್ಸ್ ಯಾವ ಕಂಪನಿಯದು, ಅಡುಗೆಮನೆಯ ಕಪಾಟಿಗೆ ಯಾವ ಬಣ್ಣ, ಎಲ್ಲಕ್ಕೂ ಒಬ್ಬೊಬ್ಬರ ಬಳಿ ಒಂದೊಂದು ಅಭಿಪ್ರಾಯ ಸಿದ್ಧವಿರುತ್ತದೆ. ಬಚ್ಚಲಿನ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಮಾತ್ರ ಗೃಹಪ್ರವೇಶದ ಊಟ ಮುಗಿಯುವವರೆಗೂ ಯಾರೂ ಕೇಳುವುದಿಲ್ಲ. ಕೇಳೋಣವೆಂದರೆ ನಕ್ಷೆಯಲ್ಲಿ ಅದು ಇದ್ದರೆ ತಾನೆ? ನಕ್ಷೆ ಮನೆಯನ್ನು ಮೇಲಿನಿಂದ ನೋಡುತ್ತದೆ. ನೀರಿಳಿಯುವ ವಾಟ ತಿಳಿಯಬೇಕಾದರೆ ಕೆಳಗೆ ಕೂತು ನೋಡಬೇಕು.

ಪೀಣ್ಯದ ಟೂಲ್ ರೂಮಿನಲ್ಲಿ ಮೈಕ್ರಾನ್ ಲೆಕ್ಕ ಹಾಕಿ ಅನ್ನ ಉಂಡವನು ನಾನು. ಅಲ್ಲಿ ಕೂದಲಿನ ಅರ್ಧ ದಪ್ಪದಷ್ಟು ಹೆಚ್ಚುಕಮ್ಮಿಯಾದರೂ ಪೀಸು ರಿಜೆಕ್ಟ್. ಮಗನ ಕೆಲಸ ವೈಟ್‌ಫೀಲ್ಡಿನಲ್ಲಿ ಎಂಬ ಕಾರಣಕ್ಕೆ ವರ್ತೂರಿನ ಹತ್ತಿರದ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎಬ್ಬಿಸಲು ಹೊರಟಾಗ, ಅರ್ಧ ಇಂಚಿಗೆಲ್ಲ "ಅಡ್ಜಸ್ಟ್ ಆಗುತ್ತೆ ಸಾರ್" ಎನ್ನುವ ಲೋಕಕ್ಕೆ ಬಂದು ಬಿದ್ದೆ.

ಟೈಲ್ಸ್ ಹಾಕುವ ಮುಂಚಿನ ವಾರ ಕೋಲಾರದ ಕಡೆಯ ಹಳ್ಳಿಯಿಂದ ಅಮ್ಮ ಬಂದಳು. ದೇವರಮನೆ ನೋಡಲಿಲ್ಲ, ಅಡುಗೆಮನೆಯನ್ನೂ ನೋಡಲಿಲ್ಲ. "ಒಂದು ಬಿಂದಿಗೆ ನೀರು ತಗೊಂಡ್ಬಾರೋ" ಎಂದವಳೇ ಬಚ್ಚಲಿನ ನಡುವೆ ಸುರಿದಳು. ನೀರು ಜಾಲರಿಯ ಕಡೆಗೆ ಒಂದು ಗೇಣು ಹೋಗಿ, ಮನಸ್ಸು ಬದಲಿಸಿ, ಬಾಗಿಲಿನತ್ತ ಹೊರಟಿತು.

"ಟೈಲ್ಸ್ ಹಾಕ್ದಾಗ ಸರಿ ಮಾಡ್ತೀನಜ್ಜಿ" ಎಂದ ಮೇಸ್ತ್ರಿ.

"ಈಗ್ಲೇ ಸರಿ ಮಾಡಪ್ಪ. ಆಮೇಲೆ ನೀನು ಸಿಗಬೇಕಲ್ಲ" ಎಂದಳು ಅಮ್ಮ.

ಅವನು ನಕ್ಕು, ನೆಲವನ್ನು ಮತ್ತೆ ಕೆರೆದು ವಾಟ ಕೊಟ್ಟ.

ಅಮ್ಮನಿಗೆ ಈ ಕಣ್ಣು ಬಂದದ್ದು ಅವಳ ಅಪ್ಪನಿಂದ. ತಾತ ಊರಿನ ನೀರುಗಂಟಿ. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಬದುಕೆಲ್ಲ ಕೆರೆಯ ಮೇಲೆ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವುದು, ಮಳೆಗಾಲದಲ್ಲಿ ಕೋಡಿ ಕಾಯುವುದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಊರವರು ಕೊಡುವ ದವಸವೇ ಕೂಲಿ. ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ, ಅದರದು ಅದರ ಮುಂದಿನದಕ್ಕೆ. ಲೆವೆಲ್ ಪೈಪಿಲ್ಲದೆ, ಲೇಸರಿಲ್ಲದೆ, ನೆಲದ ಇಳಿಜಾರು ಅವರ ಅಂಗಾಲಿಗೇ ಗೊತ್ತಿತ್ತು.

ಮೊದಲೆಲ್ಲ ವಾಟ ಎದ್ದು ಕಾಣುತ್ತಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನ ಸೂರುಗಳ ಮೇಲೆಲ್ಲ ಹತ್ತಿ ಕೂತಿತು. 1882ರಲ್ಲಿ ಡಿ. ಎಸ್. ವೈಟ್ ಅವರ ಆಂಗ್ಲೋ-ಇಂಡಿಯನ್ ಸಂಘಕ್ಕೆ ಮೈಸೂರಿನ ಮಹಾರಾಜರು ಜಮೀನು ಕೊಟ್ಟು ಹುಟ್ಟಿದ ವೈಟ್‌ಫೀಲ್ಡಿನ ಹಳೆಯ ಬಂಗಲೆಗಳೂ ಹೆಂಚಿನವೇ. ಸೂರು ನೋಡಿದರೆ ನೀರು ಎತ್ತ ಬೀಳುತ್ತದೆಂದು ಮಗುವಿಗೂ ತಿಳಿಯುತ್ತಿತ್ತು. ಆರ್‌ಸಿಸಿ ಬಂತು, ವಾಟ ಮರೆಯಾಯಿತು. ತಾರಸಿಗೆ ನೂರಡಿಗೆ ಒಂದಡಿಯಷ್ಟಾದರೂ ಇಳಿತ ಬೇಕು, ಆದರೆ ಕಣ್ಣಿಗೆ ಅದು ಸಮತಟ್ಟೇ. ನೆಲದೊಳಗೆ ಹೂತ ನಾಲ್ಕಿಂಚಿನ ಕೊಳವೆಗೆ ನಲವತ್ತಡಿಗೆ ಒಂದಡಿ ಎನ್ನುವುದು ಹಳೆಯ ಲೆಕ್ಕ. ಕಡಿಮೆಯಾದರೆ ಕಟ್ಟಿಕೊಳ್ಳುತ್ತದೆ. ವಿಪರೀತ ಹೆಚ್ಚಾದರೂ ತೊಂದರೆಯೇ: ನೀರು ಮುಂದೆ ಓಡಿ, ಹೊತ್ತು ಹೋಗಬೇಕಾದ್ದು ಹಿಂದೆ ಉಳಿಯುತ್ತದೆ ಎನ್ನುತ್ತಾರೆ ಪ್ಲಂಬರುಗಳು. ಕಿಟಕಿಯ ಮೇಲಿನ ಸಜ್ಜದ ಅಡಿಯಲ್ಲಿ ಒಂದು ಗೀರು ಬಿಡದಿದ್ದರೆ ಮಳೆನೀರು ತಳವನ್ನೇ ತಬ್ಬಿಕೊಂಡು ಗೋಡೆಗಿಳಿಯುತ್ತದೆ. ಬಣ್ಣದವನನ್ನು ಬೈದು ಪ್ರಯೋಜನವಿಲ್ಲ.

ವಾಸ್ತುವಿನವರದು ಬೇರೆಯೇ ಹಟ. ನೀರು ಈಶಾನ್ಯಕ್ಕೆ ಹರಿಯಬೇಕಂತೆ. ನಮ್ಮ ಬೀದಿಯ ಚರಂಡಿ ಇರುವುದು ನೈಋತ್ಯದಲ್ಲಿ. ನಾನು ಚರಂಡಿಯ ಮಾತು ಕೇಳಿದೆ.

ಇಡೀ ಬೆಂಗಳೂರೇ ಒಂದು ದಿಬ್ಬ. ಒಂದು ಮಗ್ಗುಲಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ. ಇನ್ನೊಂದು ಮಗ್ಗುಲಿನದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಬಡಾವಣೆ ಮಾಡಿದವರೂ ನಕ್ಷೆಯನ್ನು ಮೇಲಿನಿಂದಲೇ ನೋಡಿದರು. ಅದರಲ್ಲಿ ರಾಜಕಾಲುವೆ ಬರೀ ಒಂದು ಗೆರೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದಾಗ, ಸರ್ಜಾಪುರ ರಸ್ತೆ ಮತ್ತು ಹೊರವರ್ತುಲ ರಸ್ತೆಯ ಕಡೆ ಕೋಟಿ ಬೆಲೆಯ ಮನೆಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು.

ಬೆಂಗಳೂರಿನ ನೀರು ಈಗ ಅಮ್ಮನ ಸೀಮೆಗೂ ಹೋಗುತ್ತದೆ. ನಗರದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಲಕ್ಷ್ಮೀಸಾಗರದ ಕೆರೆಗೆ ಬಿಟ್ಟರೆ ಸಾಕು, ಅಲ್ಲಿಂದಾಚೆಗೆ ಹಳೆಯ ಕೋಡಿಗಳೇ ಕೆರೆಯಿಂದ ಕೆರೆಗೆ ದಾಟಿಸುತ್ತವೆ. "ನೀವು ಮಿಂದ ನೀರು ನಮ್ಮೂರಿಗೆ" ಎಂದು ಅಮ್ಮ ಗೊಣಗುತ್ತಾಳೆ. ಅಂತರ್ಜಲ ಏರಿದ್ದನ್ನೂ ಅವಳೇ ಹೇಳುತ್ತಾಳೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಕೋಲಾರದವರ ಬೇಡಿಕೆ ನ್ಯಾಯವಾದದ್ದೇ.

ಮನೆ ಕಟ್ಟಿಸುತ್ತಿದ್ದೀರಾ? ಟೈಲ್ಸ್ ಹಾಕುವ ಮೊದಲು ಬಚ್ಚಲು, ಬಾಲ್ಕನಿ, ತಾರಸಿ ಮೂರಕ್ಕೂ ಒಂದೊಂದು ಬಿಂದಿಗೆ ನೀರು ಸುರಿದು ನೋಡಿ. ಮೇಸ್ತ್ರಿಯ ಕೊನೆಯ ಕಂತನ್ನು ಆಮೇಲೆ ಕೊಡಿ.